ಫ್ರೇಮಿನ ಮೇಲೆ 1871 ಅಂತಿದೆ, ನನ್ನ ಕೋಲ್ಟ್ 1871ರದ್ದಾ?

ಪ್ರಶ್ನೆ: ಟೆಕ್ಸಸ್‌ನ ಗನ್ ಶೋ ಒಂದರಲ್ಲಿ ಕೋಲ್ಟ್ ಸಿಂಗಲ್ ಆಕ್ಷನ್ ಆರ್ಮಿ ರಿವಾಲ್ವರ್ ಕೊಂಡೆ. ಫ್ರೇಮಿನ (ಗನ್ನಿನ ಮುಖ್ಯ ಚೌಕಟ್ಟಿನ) ಎಡಗಡೆ ಪೇಟೆಂಟ್, ಸೆಪ್ಟೆಂಬರ್ 19, 1871 ಎಂದು ಕೊರೆದಿದೆ. ಕೆಳಗೆ ಐದು ಅಂಕಿಯ ನಂಬರ್, ಕೊನೆಯಲ್ಲಿ ಎಸ್‌ಎ ಅಂತ ಎರಡಕ್ಷರ. ಮಾರಿದವರು 1871ರ ಗನ್ ಎಂದರು. ನಿಜವೇ?

ಉತ್ತರ: ಅಲ್ಲ. ಈ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬರುತ್ತಲೇ ಇರುತ್ತದೆ. ಒಬ್ಬರಿಗೆ 1871, ಇನ್ನೊಬ್ಬರಿಗೆ 1872, ಮತ್ತೊಬ್ಬರಿಗೆ 1875. ಈ ಸಲ ಬುಡದಿಂದಲೇ ಕಿತ್ತುಹಾಕೋಣ.

ಕೋಲ್ಟ್ ಕಂಪನಿ ಈ ರಿವಾಲ್ವರನ್ನು ಹಾರ್ಟ್‌ಫರ್ಡ್‌ನಲ್ಲಿ ತಯಾರಿಸಲು ಶುರು ಮಾಡಿದ್ದೇ 1873ರಲ್ಲಿ. ಗನ್ನೇ ಇಲ್ಲದ ವರ್ಷದ ಗನ್ ನಿಮ್ಮ ಕೈಗೆ ಬರುವುದು ಹೇಗೆ? ಫ್ರೇಮಿನ ಮೇಲಿರುವುದು ಪೇಟೆಂಟ್ ಸಿಕ್ಕ ದಿನ. ಕೋಲ್ಟ್ ಕಂಪನಿಯ ಎಂಜಿನಿಯರುಗಳು ಪಡೆದ ಪೇಟೆಂಟುಗಳು ಅವು: 1871ರ ಸೆಪ್ಟೆಂಬರ್ 19, 1872ರ ಜುಲೈ 2, ಆಮೇಲೆ 1875ರ ಜನವರಿ 19. ಪೇಟೆಂಟ್ ಇರುವ ವಸ್ತುವಿನ ಮೇಲೆ ಅದು ಸಿಕ್ಕ ದಿನಾಂಕ ಹಾಕಬೇಕು ಎಂಬುದು ಆಗಿನ ಅಮೆರಿಕದ ಕಾನೂನು. ಹಾಕಿದರು, ಅಷ್ಟೇ. ದರ್ಶಿನಿಯ ಬೋರ್ಡಿನಲ್ಲಿ 'ಸ್ಥಾಪನೆ 1943' ಅಂತಿದ್ದರೆ ತಟ್ಟೆಯಲ್ಲಿರುವ ದೋಸೆ 1943ರದ್ದಾ?

ಇನ್ನೂ ಮಜಾ ಇದೆ. ಪೇಟೆಂಟುಗಳ ಅವಧಿ ಮುಗಿದು ಎಷ್ಟೋ ಕಾಲವಾದ ಮೇಲೂ ಕಂಪನಿ ಅದೇ ಸಾಲುಗಳನ್ನು ಕೊರೆಯುತ್ತಲೇ ಹೋಯಿತು. 1956ರ ನಂತರದ ಗನ್ನುಗಳ ಮೇಲೂ ಅವು ಇವೆ. ಹಾಗಾಗಿ ಆ ದಿನಾಂಕ ಹೇಳುವುದು ಒಂದೇ ಮಾತು: ಈ ಗನ್ ಅದಕ್ಕಿಂತ ಹಳೆಯದಲ್ಲ. ಎಷ್ಟು ಹೊಸದು ಎಂದು ಅದು ಹೇಳುವುದೇ ಇಲ್ಲ. ಒಂದು ಸಣ್ಣ ಉಪಯೋಗ ಮಾತ್ರ ಉಂಟು. 1875ರ ದಿನಾಂಕವೂ ಇದ್ದರೆ ಆ ಫ್ರೇಮ್ ಮೊದಮೊದಲ ಗನ್ನುಗಳದ್ದಲ್ಲ. 1871 ಎಂದು ಮಾರುವವರು ಮೂರನೆಯ ದಿನಾಂಕವನ್ನು ಓದಿಯೇ ಇರುವುದಿಲ್ಲ. ಅಥವಾ ಓದಿಯೂ ಸುಮ್ನಿರುತ್ತಾರೆ.

ವಯಸ್ಸು ಬೇಕಾದರೆ ಸೀರಿಯಲ್ ನಂಬರ್ ನೋಡಿ. ನಿಮ್ಮ ಉತ್ತರ ಆ ಎಸ್‌ಎ ಅಕ್ಷರಗಳಲ್ಲಿಯೇ ಇದೆ. 1873ರಿಂದ ಎರಡನೇ ಮಹಾಯುದ್ಧದ ಹೊತ್ತಿನವರೆಗೆ ತಯಾರಾದವು ಮೊದಲ ತಲೆಮಾರು. ಅವುಗಳ ನಂಬರ್ 1ರಿಂದ ಶುರುವಾಗಿ ಸುಮಾರು 3,57,000ದವರೆಗೆ ಹೋಯಿತು, ಅಕ್ಷರದ ಗೊಡವೆ ಇಲ್ಲ. ಯುದ್ಧದ ಹೊತ್ತಿಗೆ ನಿಂತೇಹೋಗಿದ್ದ ಗನ್ನನ್ನು 1956ರಲ್ಲಿ ಮತ್ತೆ ಶುರು ಮಾಡಿದಾಗ ಹೊಸ ಎಣಿಕೆ ಬಂತು, ಅಂಕಿಗಳ ಹಿಂದೆ ಎಸ್‌ಎ ಸೇರಿತು. ಇದು ಎರಡನೆಯ ತಲೆಮಾರು. 1976ರಲ್ಲಿ 80,000 ಎಸ್‌ಎಯಿಂದ ಮೂರನೆಯದು. ಐದು ಅಂಕಿಗಳು ಮುಗಿದ ಮೇಲೆ ಎಸ್‌ಎ ಮುಂದಕ್ಕೆ ಹೋಯಿತು. ಅಂದರೆ ನಿಮ್ಮದು ಎಷ್ಟು ಹಳೆಯದೆಂದರೂ 1956ರದ್ದು. ಒಳ್ಳೆಯ ಗನ್ನೇ, ಬೇಜಾರು ಬೇಡ. ಕೊಟ್ಟ ದುಡ್ಡಿನ ಬಗ್ಗೆ ಮಾತ್ರ ನಾನು ಕೇಳುವುದಿಲ್ಲ.

ನಂಬರ್ ಇರುವ ಜಾಗವೂ ಗೊತ್ತಿರಲಿ. ಮೊದಲ ತಲೆಮಾರಿನ ಗನ್ನಿನಲ್ಲಿ ಫ್ರೇಮಿನ ಅಡಿ, ಟ್ರಿಗರ್ ಗಾರ್ಡ್, ಹಿಡಿಯ ಹಿಂಪಟ್ಟಿ, ಈ ಮೂರು ಕಡೆ ನೋಡಬೇಕು. ತುಂಬಾ ಹಳೆಯದಾದರೆ ಸಿಲಿಂಡರ್ ಮತ್ತು ಬ್ಯಾರೆಲ್ ಮೇಲೂ ಇರುತ್ತದೆ. ಗುಂಡು ತುಂಬಲು ತೆರೆಯುವ ಲೋಡಿಂಗ್ ಗೇಟಿನ ಒಳಗೆ ಕಾಣುವ ಸಣ್ಣ ನಂಬರ್ ಕಾರ್ಖಾನೆಯಲ್ಲಿ ಭಾಗಗಳನ್ನು ಜೋಡಿಸುವಾಗ ಹಾಕಿದ್ದು. ಅದನ್ನೇ ಸೀರಿಯಲ್ ಎಂದುಕೊಂಡು 'ನನ್ನದು ಮೊದಲ ಐನೂರರೊಳಗಿನದು' ಎಂದು ಕುಣಿಯುವವರಿದ್ದಾರೆ.

ಈ ಜಾಗಗಳ ನಂಬರುಗಳು ಒಂದಕ್ಕೊಂದು ಹೊಂದದಿದ್ದರೆ ನಕಲಿಯೇ? ಬಹಳಷ್ಟು ಸಲ ಅನುಮಾನ ಸರಿ, ಯಾವಾಗಲೂ ಅಲ್ಲ. ಅಮೆರಿಕದ ಸೇನೆ 1895ರಿಂದ 1903ರ ನಡುವೆ ತನ್ನ ಹಳೆಯ ಏಳೂವರೆ ಇಂಚು ಬ್ಯಾರೆಲ್ಲಿನ ಕೋಲ್ಟುಗಳನ್ನು ಬಿಚ್ಚಿ, ಐದೂವರೆ ಇಂಚಿಗೆ ಇಳಿಸಿ, ಮತ್ತೆ ಜೋಡಿಸಿತು. ಯಾವ ಗನ್ನಿನ ಭಾಗ ಯಾವುದಕ್ಕೆ ಹೋಯಿತು ಎಂದು ಬಹುಪಾಲು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಸಂಗ್ರಹಕಾರರು ಇವನ್ನು ಆರ್ಟಿಲರಿ ಮಾಡೆಲ್ ಎನ್ನುತ್ತಾರೆ. ಇವುಗಳಲ್ಲಿ ನಂಬರ್ ಬೆರೆತಿರುವುದೇ ಸಹಜ.

ಇಂತಿಷ್ಟು ನಂಬರ್ ಇಂತಿಷ್ಟು ವರ್ಷ ಎಂಬ ಪಟ್ಟಿಗಳನ್ನೂ ಪಂಚಾಂಗದ ಹಾಗೆ ನಂಬಬೇಡಿ. ಫ್ರೇಮಿಗೆ ನಂಬರ್ ಬಿದ್ದ ದಿನ ಬೇರೆ, ಗನ್ ಕಾರ್ಖಾನೆ ಬಿಟ್ಟ ದಿನ ಬೇರೆ. ಖಚಿತ ಬೇಕಾದರೆ ಕೋಲ್ಟ್ ಕಂಪನಿಯ ದಾಖಲೆ ವಿಭಾಗಕ್ಕೆ ಹಣ ಕಟ್ಟಿ ಪತ್ರ ತರಿಸಿ. ಯಾವ ದಿನ, ಯಾರಿಗೆ ಹೋಯಿತು, ಬ್ಯಾರೆಲ್ ಎಷ್ಟು ಉದ್ದವಿತ್ತು ಎಂಬುದು ಅದರಲ್ಲಿ ಬರುತ್ತದೆ. ಬೆಲೆ ಜಾಸ್ತಿ ಇರುವ ಗನ್ನಾದರೆ ಈ ಖರ್ಚು ಮಾಡದೆ ಕೊಳ್ಳಲೇಬೇಡಿ.

ಇಷ್ಟು ಹೇಳಿದ ಮೇಲೆ ನೀವು ಕೇಳದ ಒಂದು ವಿಷಯ. 1898 ಎಂಬ ವರ್ಷಕ್ಕೆ ಸಂಗ್ರಹಕಾರರು ಯಾಕೆ ಅಷ್ಟು ತೂಕ ಕೊಡುತ್ತಾರೆ? 1968ರ ಅಮೆರಿಕದ ಫೆಡರಲ್ ಕಾನೂನಿನ ಪ್ರಕಾರ 1898 ಅಥವಾ ಅದಕ್ಕೂ ಮೊದಲು ತಯಾರಾದ ಗನ್ 'ಆಂಟಿಕ್'. ಅದು ಆ ಕಾನೂನಿನ ಲೆಕ್ಕದಲ್ಲಿ ಬಂದೂಕೇ ಅಲ್ಲ. ಕೋಲ್ಟ್ ನಂಬರುಗಳಲ್ಲಿ ಈ ಗೆರೆ ಸುಮಾರು 1,82,000ದ ಹತ್ತಿರ ಬೀಳುತ್ತದೆ. ಆದರೆ ರಾಜ್ಯದ ಕಾನೂನು ಬೇರೆ ಇರಬಹುದು. ಎಚ್‌-1ಬಿ ವೀಸಾದಲ್ಲಿರುವ ನಮ್ಮವರು ಇನ್ನೂ ಹುಷಾರಾಗಿರಬೇಕು. ಕೆಲವು ವಿನಾಯಿತಿ ಬಿಟ್ಟರೆ ಅವರು ಬಂದೂಕು ಇಟ್ಟುಕೊಳ್ಳುವುದೇ ಅಪರಾಧ. ನಿಮ್ಮ ಎಸ್‌ಎ ಗನ್ ಆಂಟಿಕ್ ಅಲ್ಲ, ಆದ್ದರಿಂದ ನಿಮ್ಮದು ಯಾವ ವೀಸಾ ಎಂದು ಒಮ್ಮೆ ನೋಡಿಕೊಂಡು ಅಲ್ಲಿನ ವಕೀಲರನ್ನು ಕೇಳಿ.

ಆಮೇಲೆ, ಊರಿಗೆ ತರುವ ಯೋಚನೆ ಇದ್ದರೆ: ಭಾರತದಲ್ಲಿ 1898ರ ಗೆರೆ ಇಲ್ಲ. 1959ರ ಆಯುಧ ಕಾಯ್ದೆ ಹಳೆಯ ಗನ್ನಿಗೆ ವಿನಾಯಿತಿ ಕೊಡುವುದು, ರಿಪೇರಿ ಮಾಡಿದರೂ ಮಾಡದಿದ್ದರೂ ಅದರಿಂದ ಗುಂಡು ಹಾರದಂತಿದ್ದರೆ ಮಾತ್ರ. ನಿಮ್ಮದರಿಂದ ಚೆನ್ನಾಗಿ ಹಾರುತ್ತದೆ. ಲೈಸೆನ್ಸ್ ಇಲ್ಲದೆ ಸೂಟ್‌ಕೇಸಿಗೆ ಹಾಕಬೇಡಿ.