ಗೆರೆ ನಿಂತಲ್ಲಿಂದ ಮುಂದೆ: ಕರ್ನಲ್ ನರೇಂದ್ರ ಕುಮಾರ್ ನಡೆದ ಸಿಯಾಚಿನ್

ಸಿಯಾಚಿನ್ ಎಂದೊಡನೆ ಕನ್ನಡಿಗರಿಗೆ 2016ರ ಫೆಬ್ರುವರಿ ನೆನಪಾಗುತ್ತದೆ. ಸುಮಾರು 19,600 ಅಡಿ ಎತ್ತರದ ಸೋನಮ್ ಠಾಣೆಯ ಮೇಲೆ ಹಿಮಗೋಡೆ ಕುಸಿದು ಹತ್ತು ಯೋಧರು ಹೂತುಹೋದರು. ಕುಂದಗೋಳ ತಾಲ್ಲೂಕು ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಆರನೇ ದಿನ ಜೀವಂತವಾಗಿ ಸಿಕ್ಕರು, ಫೆಬ್ರುವರಿ 11ರಂದು ದೆಹಲಿಯಲ್ಲಿ ತೀರಿಕೊಂಡರು. ಹುಲ್ಲುಕಡ್ಡಿಯೂ ಮೊಳೆಯದ ಆ ಎತ್ತರದಲ್ಲಿ ನಮ್ಮ ಸೈನಿಕರಿಗೆ ಏನು ಕೆಲಸ ಎಂದು ಆಗ ಊರೂರಲ್ಲೂ ಜನ ಕೇಳಿದರು. ಅದಕ್ಕೆ ಉತ್ತರ ಹುಡುಕುತ್ತ ಹೋದರೆ ಒಂದು ನಕಾಶೆಯೂ, ಕಾಲ್ಬೆರಳು ಕಳೆದುಕೊಂಡ ಒಬ್ಬ ಸೇನಾಧಿಕಾರಿಯೂ ಎದುರಾಗುತ್ತಾರೆ.

ಮೊದಲು ನಕಾಶೆ. 1949ರ ಜುಲೈನಲ್ಲಿ ಕರಾಚಿಯಲ್ಲಿ ಭಾರತ–ಪಾಕಿಸ್ತಾನಗಳು ಕದನವಿರಾಮ ರೇಖೆ ಎಳೆದಾಗ, ಅದು ಎನ್‌ಜೆ 9842 ಎಂಬ ಬಿಂದುವಿಗೆ ಬಂದು ನಿಂತಿತು. ಅಲ್ಲಿಂದಾಚೆಗೆ ‘ಉತ್ತರಕ್ಕೆ ಹಿಮನದಿಗಳವರೆಗೆ’ ಎಂದಷ್ಟೇ ಬರೆದರು. ಆ ಬರ್ಫಿನಲ್ಲಿ ಯಾರು ತಾನೇ ಜಗಳ ಕಾಯುತ್ತಾರೆ ಎಂಬ ಲೆಕ್ಕಾಚಾರ. ಶಿಮ್ಲಾ ಒಪ್ಪಂದದ ನಂತರ 1972ರ ಡಿಸೆಂಬರ್‌ನಲ್ಲಿ ಗುರುತಿಸಿದ ನಿಯಂತ್ರಣ ರೇಖೆಯೂ ಅದೇ ಬಿಂದುವಿನಲ್ಲಿ ಮುಗಿಯಿತು. ಉತ್ತರ ಎಂದರೆ ಸಾಲ್ತೊರೊ ಬೆಟ್ಟಸಾಲಿನ ನೆತ್ತಿಗುಂಟ ಎಂದು ಭಾರತ ಓದಿತು. ಈಶಾನ್ಯಕ್ಕಿರುವ ಕಾರಕೋರಂ ಕಣಿವೆಮಾರ್ಗಕ್ಕೆ ನೇರ ಗೆರೆ ಎಂದು ಪಾಕಿಸ್ತಾನ ಓದಿತು. ಎರಡು ಓದುಗಳ ನಡುವೆ ಸಿಕ್ಕಿಬಿದ್ದದ್ದು 76 ಕಿಲೋಮೀಟರ್ ಉದ್ದದ ಸಿಯಾಚಿನ್. ಬಾಲ್ಟಿ ಮಾತಿನಲ್ಲಿ ಇದಕ್ಕೆ ಕಾಡುಗುಲಾಬಿ ತುಂಬಿದ ಜಾಗ ಎಂದರ್ಥ. ಹಿಮನದಿ ಮುಗಿದು ನುಬ್ರಾ ನದಿ ಶುರುವಾಗುವ ಕೆಳಗಿನ ಕಣಿವೆಯಲ್ಲಿ ಆ ಹೂವುಂಟು.

1977ರಲ್ಲಿ ಆ ಪ್ರದೇಶದ ನದಿಯಲ್ಲಿ ತೆಪ್ಪಯಾನಕ್ಕೆ ಹೊರಟಿದ್ದ ಜರ್ಮನ್ ಸಾಹಸಿಯೊಬ್ಬ ಜೊತೆಗೆ ಬರುವಂತೆ ಕರ್ನಲ್ ನರೇಂದ್ರ ಕುಮಾರ್ ಅವರನ್ನು ಕೇಳಿದ. ಅವನ ಕೈಯಲ್ಲಿದ್ದದ್ದು ಅಮೆರಿಕದಲ್ಲಿ ಅಚ್ಚಾದ ನಕಾಶೆ. ಅದರಲ್ಲಿ ಎನ್‌ಜೆ 9842ರಿಂದ ಕಾರಕೋರಂ ಕಣಿವೆಮಾರ್ಗಕ್ಕೆ ಗೆರೆ ಹೋಗಿತ್ತು, ಇಡೀ ಸಿಯಾಚಿನ್ ಪಾಕಿಸ್ತಾನದ ಕಡೆಗಿತ್ತು. ಕುಮಾರ್ ಅದನ್ನು ಹಿಡಿದುಕೊಂಡು ಸೇನಾ ಕಾರ್ಯಾಚರಣೆಗಳ ಮಹಾನಿರ್ದೇಶಕರಾಗಿದ್ದ ಲೆಫ್ಟಿನೆಂಟ್ ಜನರಲ್ ಎಂ.ಎಲ್. ಛಿಬ್ಬರ್ ಬಳಿಗೆ ಹೋದರು. ಗೆರೆ ಎಲ್ಲಿದೆ ಎಂಬ ವಾದಕ್ಕಿಂತ ದೊಡ್ಡ ಪ್ರಶ್ನೆ ಬೇರೆ ಇತ್ತು: ಅಲ್ಲಿ ನಡೆದು ನೋಡಿ ಬಂದವರು ಯಾರು? ಪಾಕಿಸ್ತಾನದ ಪರವಾನಗಿ ಪಡೆದ ವಿದೇಶಿ ಪರ್ವತಾರೋಹಿಗಳು. 1962ರಲ್ಲೇ ಜಪಾನ್–ಪಾಕಿಸ್ತಾನದ ಜಂಟಿ ತಂಡ 7,742 ಮೀಟರ್‌ನ ಸಾಲ್ತೊರೊ ಕಾಂಗ್ರಿ ಹತ್ತಿತ್ತು. ಪರವಾನಗಿ ಕೊಡುವ ದೇಶವೇ ಒಡೆಯ ಎಂಬ ಭಾವನೆ ಹೀಗೆ ಮೆಲ್ಲಗೆ ಗಟ್ಟಿಯಾಗುತ್ತದೆ. ಪರ್ವತಾರೋಹಣ ಇಲ್ಲಿ ಬರೀ ಹವ್ಯಾಸವಾಗಿರಲಿಲ್ಲ, ಕಂದಾಯ ರಸೀದಿಯ ಹಾಗೆ ಒಂದು ದಾಖಲೆಯೂ ಆಗಿತ್ತು.

ಸಿಯಾಚಿನ್‌ಗೆ ಒಂದು ತಂಡ ಕಳಿಸಲು ಛಿಬ್ಬರ್ ಒಪ್ಪಿದರು. ಹೊರನೋಟಕ್ಕೆ ಅದು ಗುಲ್ಮಾರ್ಗ್‌ನ ಹೈ ಆಲ್ಟಿಟ್ಯೂಡ್ ವಾರ್‌ಫೇರ್ ಸ್ಕೂಲ್‌ನ ತರಬೇತಿ ಯಾತ್ರೆ. ಕುಮಾರ್ ಅದರ ಕಮಾಂಡೆಂಟ್ ಆಗಿದ್ದರು. ಆ ಹೊತ್ತಿಗೆ ಅವರಿಗೆ ನಲವತ್ತೈದರ ಹತ್ತಿರ, ಎಡ–ಬಲ ಸೇರಿ ನಾಲ್ಕು ಕಾಲ್ಬೆರಳುಗಳಿರಲಿಲ್ಲ. ಇಂಥ ಕೆಲಸಕ್ಕೆ ಅವರೇ ಯಾಕೆ ಎಂಬುದಕ್ಕೆ ಹಿಂದಿನ ಹದಿನೆಂಟು ವರ್ಷ ನೋಡಬೇಕು.

1933ರ ಡಿಸೆಂಬರ್ 8ರಂದು ರಾವಲ್ಪಿಂಡಿಯಲ್ಲಿ ಹುಟ್ಟಿ, ವಿಭಜನೆಯಲ್ಲಿ ಈಚೆ ಬಂದ ಕುಟುಂಬದವರು ಕುಮಾರ್. ಕೆಡೆಟ್ ಆಗಿದ್ದಾಗ ಬಾಕ್ಸಿಂಗ್‌ನಲ್ಲಿ ಹಿರಿಯ ಕೆಡೆಟ್ ಎಸ್.ಎಫ್. ರೋಡ್ರಿಗಸ್ ಎದುರು ಸೋಲುತ್ತಿದ್ದರೂ ಹೋರಿಯಂತೆ ನುಗ್ಗುತ್ತಲೇ ಇದ್ದದ್ದಕ್ಕೆ ‘ಬುಲ್’ ಎಂಬ ಅಡ್ಡಹೆಸರು ಅಂಟಿಕೊಂಡಿತು. ಆ ಹಿರಿಯ ಮುಂದೆ ಸೇನಾ ಮುಖ್ಯಸ್ಥರಾದರು. ಕುಮಾರ್ 1954ರಲ್ಲಿ ಕುಮಾವ್ ರೆಜಿಮೆಂಟ್ ಸೇರಿದರು.

1960ರಲ್ಲಿ ಬ್ರಿಗೇಡಿಯರ್ ಜ್ಞಾನ್ ಸಿಂಗ್ ನೇತೃತ್ವದ ಮೊದಲ ಭಾರತೀಯ ಎವರೆಸ್ಟ್ ಯಾತ್ರೆಯಲ್ಲಿ ಕುಮಾರ್, ಸೋನಂ ಗ್ಯಾತ್ಸೊ, ನವಾಂಗ್ ಗೊಂಬು ಸುಮಾರು 28,300 ಅಡಿ ಮುಟ್ಟಿದರು. ಉಳಿದದ್ದು 700 ಅಡಿ. ಗಾಳಿ ಮುಂದೆ ಬಿಡಲಿಲ್ಲ, ಹಿಂತಿರುಗಿದರು. 700 ಅಡಿ ಎಂದರೆ ಮೈಸೂರಿನಿಂದ ಚಾಮುಂಡಿ ಬೆಟ್ಟ ಹತ್ತಿದಷ್ಟೂ ಅಲ್ಲ ಎನಿಸಬಹುದು. ಆದರೆ ಅಲ್ಲಿ ಗಾಳಿಯ ಒತ್ತಡ ಕಡಲತೀರದ ಮೂರನೇ ಒಂದರಷ್ಟೇ. ಕೊನೆಯ ಏರಿಗೆ ಹಲವು ತಾಸು ಬೇಕು, ಅಷ್ಟೂ ಹೊತ್ತು ಬೆನ್ನ ಮೇಲಿನ ಆಮ್ಲಜನಕ ಕರಗುತ್ತಿರುತ್ತದೆ. 800 ಲೀಟರ್ ಅನಿಲ ಹಿಡಿಯುವ ಸಿಲಿಂಡರನ್ನು ನಿಮಿಷಕ್ಕೆ 2 ಲೀಟರಿನಂತೆ ಬಿಟ್ಟುಕೊಂಡರೆ 400 ನಿಮಿಷ, ಏಳು ತಾಸೂ ತುಂಬುವುದಿಲ್ಲ. ಇಳಿಯುವ ದಾರಿಯ ಲೆಕ್ಕವನ್ನೂ ಅದರಲ್ಲೇ ಇಡಬೇಕು. ಈ ಲೆಕ್ಕ ತಪ್ಪಿದವರಲ್ಲಿ ಬಹಳ ಜನ ಇಳಿಯುವಾಗಲೇ ಸತ್ತಿದ್ದಾರೆ.

ಮರುವರ್ಷ, 1961ರಲ್ಲಿ, ಬದರೀನಾಥದ ನೆತ್ತಿಯ ಮೇಲಿನ 6,596 ಮೀಟರ್‌ನ ನೀಲಕಂಠ. ಆ ತಂಡ ಶಿಖರ ಮುಟ್ಟಿತೇ ಎಂಬ ಬಗ್ಗೆ ಪರ್ವತಾರೋಹಿಗಳಲ್ಲಿ ಆಮೇಲೆ ತಕರಾರು ಎದ್ದಿತು. ತಕರಾರಿಲ್ಲದ ಸಂಗತಿ ಎಂದರೆ ಕುಮಾರ್ ಅವರ ಬೆರಳುಗಳು ಅಲ್ಲಿ ಹೋದವು.

ಫ್ರಾಸ್ಟ್‌ಬೈಟ್ ಹೇಗಾಗುತ್ತದೆ ಎಂಬುದನ್ನು ಇಲ್ಲೇ ಹೇಳಿಬಿಡಬೇಕು. ಸಿಯಾಚಿನ್‌ನ ಕತೆಯಲ್ಲಿ ಅದು ಮತ್ತೆ ಮತ್ತೆ ಬರುತ್ತದೆ. ಚಳಿ ಹೆಚ್ಚಾದಾಗ ದೇಹ ಎದೆ–ಹೊಟ್ಟೆಯ ಕಾವು ಉಳಿಸಿಕೊಳ್ಳಲು ಕೈಕಾಲಿನ ರಕ್ತನಾಳಗಳನ್ನು ಬಿಗಿಯುತ್ತದೆ. ಬೆರಳಿಗೆ ರಕ್ತ ಬರದಾಗ ಅಂಗಾಂಶದ ನೀರು ಹೆಪ್ಪುಗಟ್ಟುತ್ತದೆ. ಬಿಗಿಯಾದ ಬೂಟು, ಬೆವರಿಗೆ ಒದ್ದೆಯಾದ ಕಾಲುಚೀಲ, ನೀರು ಕುಡಿಯದ ದಿನ — ಮೂರೂ ಸೇರಿದರೆ ಕೆಲಸ ಬೇಗ ಮುಗಿಯುತ್ತದೆ. ಮೊದಲು ನೋವು, ಆಮೇಲೆ ಜೋಮು. ನೋವು ನಿಂತಿತಲ್ಲ ಎಂದು ಸಮಾಧಾನಪಡುವ ಗಳಿಗೆಯೇ ಅಪಾಯದ್ದು. ಹಿಮದಿಂದ ಉಜ್ಜುವುದು ಹಳೆಯ, ತಪ್ಪು ಮದ್ದು: ಒಳಗಿನ ಹರಳುಗಳು ಮಾಂಸವನ್ನೇ ಹರಿಯುತ್ತವೆ. 37ರಿಂದ 39 ಡಿಗ್ರಿ ಬೆಚ್ಚಗಿನ ನೀರಿನಲ್ಲಿ ಅದ್ದಬೇಕು, ಅದೂ ಮತ್ತೆ ಹೆಪ್ಪುಗಟ್ಟುವುದಿಲ್ಲ ಎಂಬ ಖಾತ್ರಿ ಇದ್ದರೆ ಮಾತ್ರ. ಕರಗಿ ಮತ್ತೆ ಗಟ್ಟಿಯಾದ ಬೆರಳು ಉಳಿಯುವುದು ಅಪರೂಪ. ಅದಕ್ಕೇ, ಕೆಳಗಿಳಿಯಲು ನಡೆಯಲೇಬೇಕಿದ್ದರೆ ಹೆಪ್ಪುಗಟ್ಟಿದ ಕಾಲಲ್ಲೇ ನಡೆಸುತ್ತಾರೆ.

ಹೆಬ್ಬೆರಳಿನ ಬಲವಿಲ್ಲದ ಪಾದ ಮಂಜಿನ ಇಳಿಜಾರಿನಲ್ಲಿ ಮುಂದಕ್ಕೊತ್ತಿ ನಿಲ್ಲುವುದಿಲ್ಲ, ಒಮ್ಮೆ ಕೆಟ್ಟ ರಕ್ತನಾಳಕ್ಕೆ ಮುಂದಿನ ಸಲ ಚಳಿ ಬೇಗ ತಟ್ಟುತ್ತದೆ. ಬಹುಮಂದಿ ಅಲ್ಲಿಗೆ ಹಗ್ಗ ಸುತ್ತಿಡುತ್ತಾರೆ. ಕುಮಾರ್ 1964ರಲ್ಲಿ ನಂದಾದೇವಿ ಯಾತ್ರೆಯ ನಾಯಕರಾದರು. ಗೊಂಬು ಮತ್ತು ದಾವಾ ನೋರ್ಬು ಶಿಖರ ಮುಟ್ಟಿದರು. 1965ರಲ್ಲಿ ಎಂ.ಎಸ್. ಕೊಹ್ಲಿ ನಾಯಕತ್ವದ ಎವರೆಸ್ಟ್ ಯಾತ್ರೆಗೆ ಉಪನಾಯಕ. ಸುಮಾರು 25 ಟನ್ ಸಾಮಾನು, 800 ಹಮಾಲರು. ಮೇ 20ರಿಂದ 29ರೊಳಗೆ ಒಂಬತ್ತು ಜನ ಶಿಖರದಲ್ಲಿ ನಿಂತರು; ಆ ಒಂಬತ್ತರಲ್ಲಿ ಕುಮಾರ್ ಇರಲಿಲ್ಲ. ಅವರ ವೃತ್ತಿಯನ್ನು ಶಿಖರಗಳ ಎಣಿಕೆಯಲ್ಲಿ ಅಳೆಯುವವರು ಎಡವುವುದು ಇಲ್ಲೇ. ಅವರ ನಿಜವಾದ ವಿದ್ಯೆ ಸರಬರಾಜು: ಯಾವ ಶಿಬಿರಕ್ಕೆ ಯಾವ ದಿನ ಎಷ್ಟು ಹೊರೆ, ಯಾರು ಹೊರಬೇಕು, ಯಾರು ಮೇಲಕ್ಕೆ, ಯಾರು ಕೆಳಕ್ಕೆ.

ಅದರ ಪರೀಕ್ಷೆ ನಡೆದದ್ದು 1977ರ ಕಾಂಚನಜುಂಗಾದಲ್ಲಿ. ಸಿಕ್ಕಿಂ ಕಡೆಯಿಂದ ಜೆಮು ಹಿಮನದಿಗೆ ಹೋಗಿ ಈಶಾನ್ಯದ ಏಣನ್ನು ಹತ್ತುವ ದಾರಿಯನ್ನು ಜರ್ಮನ್ನರು 1929 ಮತ್ತು 1931ರಲ್ಲಿ ಹಿಡಿದು, ಸಾವು ಕಂಡು ಬಿಟ್ಟಿದ್ದರು. ಕುಮಾರ್ ತಂಡ ಆ ದಾರಿಯುದ್ದಕ್ಕೂ ಹಗ್ಗ ಕಟ್ಟುತ್ತ ಶಿಬಿರದ ಮೇಲೆ ಶಿಬಿರ ಏರಿಸಿತು. ಹವಾಲ್ದಾರ್ ಸುಖ್ವಿಂದರ್ ಸಿಂಗ್ ಪ್ರಾಣ ಕಳೆದುಕೊಂಡರು. ಮೇ 31ರಂದು ಮೇಜರ್ ಪ್ರೇಮ್ ಚಂದ್ ಮತ್ತು ನಾಯಕ್ ನಿಮಾ ದೋರ್ಜೆ ಶೆರ್ಪಾ 8,586 ಮೀಟರ್‌ನ ಶಿಖರಕ್ಕೆ ಕೆಲವೇ ಅಡಿ ಕೆಳಗೆ ನಿಂತರು. ಆ ಬೆಟ್ಟ ಸಿಕ್ಕಿಮಿನವರಿಗೆ ದೇವರು, ನೆತ್ತಿ ತುಳಿಯಬಾರದು. 1955ರ ಬ್ರಿಟಿಷ್ ತಂಡದ ನಂತರ ಆ ಬೆಟ್ಟಕ್ಕೆ ಅದು ಎರಡನೇ ಏರಿಕೆ.

ಅಂಥ ಪಳಗಿದ ಕೈ 1978ರಲ್ಲಿ ನುಬ್ರಾ ಕಣಿವೆಯಿಂದ ಸಿಯಾಚಿನ್ ಹೊಕ್ಕಿತು. ಹಿಮನದಿ ಮೇಲ್ನೋಟಕ್ಕೆ ಹೆದ್ದಾರಿ. ಆದರೆ ತಾಜಾ ಮಂಜು ಬಿರುಕುಗಳ ಬಾಯಿಗೆ ಸೇತುವೆ ಕಟ್ಟಿರುತ್ತದೆ, ಕೆಳಗೆ ನೂರಾರು ಅಡಿ ಆಳ. ಆ ಸೇತುವೆ ರಾತ್ರಿ ಕಲ್ಲು, ಬಿಸಿಲೇರಿದ ಮೇಲೆ ಮೊಸರು. ಹಾಗಾಗಿ ನಸುಕಿಗೆ ಮುಂಚೆ ಹೊರಟು ಬಿಸಿಲು ಬಲಿಯುವ ಮೊದಲೇ ಡೇರೆ ಹಾಕಬೇಕು. ಮೂರ್ನಾಲ್ಕು ಜನ ಒಂದೇ ಹಗ್ಗಕ್ಕೆ, ನಡುವೆ ಹತ್ತು–ಹದಿನೈದು ಮೀಟರ್ ಅಂತರ, ಹಗ್ಗ ಜೋಲುಬಿಡುವಂತಿಲ್ಲ. ಜೋಲು ಇದ್ದಷ್ಟೂ ಬಿದ್ದವನ ಜಗ್ಗುವಿಕೆ ಜೋರು, ಹಿಂದಿನವನೂ ಎಳೆದುಕೊಂಡು ಹೋಗುತ್ತಾನೆ. ಮುಂದಿನವನು ಕೋಲಿನಿಂದ ಚುಚ್ಚಿ ನೋಡುತ್ತ ಹೋಗುತ್ತಾನೆ, ಹಿಂದಿನವರು ಬಿದಿರುಕಡ್ಡಿಗೆ ಕೆಂಪು ಬಟ್ಟೆ ಕಟ್ಟಿ ನೆಡುತ್ತಾರೆ. ಹಿಮಗಾಳಿ ಎದ್ದು ಎಲ್ಲ ಬೆಳ್ಳಗಾಗಿ ಏನೂ ಕಾಣದಾದಾಗ ಅವೇ ಕಡ್ಡಿಗಳು ವಾಪಸಿನ ದಾರಿ.

ಹಿಮದ ಮೇಲೆ ಅವರಿಗೆ ಸಿಕ್ಕದ್ದು ಜಪಾನೀ ಡಬ್ಬಿಗಳ ಚೀಟಿ, ಪಾಕಿಸ್ತಾನಿ ಸಿಗರೇಟು ಪೊಟ್ಟಣ. ಇಂಥ ಕಸವೇ ದೆಹಲಿಗೆ ಪುರಾವೆ. ತಂಡ ತೆರಾಂ ಕಾಂಗ್ರಿ 2 ಶಿಖರವನ್ನು ಹತ್ತಿತು. 1981ರಲ್ಲಿ ಕುಮಾರ್ ದೊಡ್ಡ ತಂಡದೊಂದಿಗೆ ಮತ್ತೆ ಬಂದು, ಹಿಮನದಿಯ ಮೂತಿಯಿಂದ ನೆತ್ತಿಯ ಇಂದಿರಾ ಕೋಲ್ ಎಂಬ ಕಣಿವೆಮಾರ್ಗದವರೆಗೆ ನಡೆದು, ಸಾಲ್ತೊರೊ ಸಾಲಿನ ಕಣಿವೆಮಾರ್ಗಗಳನ್ನು ಕಂಡು, ನಕಾಶೆ–ಫೋಟೊ ಮಾಡಿಕೊಂಡು ಮರಳಿದರು. ಅಂದಹಾಗೆ ಇಂದಿರಾ ಕೋಲ್ ಪ್ರಧಾನಿಯ ಹೆಸರಲ್ಲ. ಅಮೆರಿಕದ ಫ್ಯಾನಿ ಬುಲಕ್ ವರ್ಕ್‌ಮನ್ 1912ರಲ್ಲಿ ಲಕ್ಷ್ಮಿಯ ಹೆಸರಿಟ್ಟದ್ದು.

1984ರ ಏಪ್ರಿಲ್ 13ರಂದು ಸಿಯಾಚಿನ್ ಹಿಡಿಯುವ ಸೇನಾ ಕಾರ್ಯಾಚರಣೆ ‘ಆಪರೇಷನ್ ಮೇಘದೂತ’ ಶುರುವಾದಾಗ ಉತ್ತರ ಕಮಾಂಡಿನ ಮುಖ್ಯಸ್ಥರು ಅದೇ ಛಿಬ್ಬರ್. ಕುಮಾವ್ ರೆಜಿಮೆಂಟಿನ 4ನೇ ಬೆಟಾಲಿಯನ್ನಿನ ಕ್ಯಾಪ್ಟನ್ ಸಂಜಯ್ ಕುಲಕರ್ಣಿ ಅವರ ಪ್ಲಟೂನನ್ನು ಚೀತಾ ಹೆಲಿಕಾಪ್ಟರುಗಳು ಸಾಲ್ತೊರೊ ಸಾಲಿನ ಬಿಲಾಫೊಂಡ್ ಲಾ ಕಣಿವೆಮಾರ್ಗದಲ್ಲಿ ಇಳಿಸಿದವು. ಕೆಲ ದಿನಗಳಲ್ಲಿ ಸಿಯಾ ಲಾ ಕೂಡ ಕೈಸೇರಿತು. ಕುಮಾರ್ ತಂದ ವಿವರಗಳಿಲ್ಲದಿದ್ದರೆ ಎಲ್ಲಿ ಇಳಿಸಬೇಕೆಂಬುದೇ ಊಹೆಯ ಮಾತಾಗಿರುತ್ತಿತ್ತು. ಹಿಮನದಿಯ ಮೇಲಿನ ಒಂದು ಠಾಣೆಗೆ ಕುಮಾರ್ ಬೇಸ್ ಎಂದೇ ಹೆಸರು.

ಪರ್ವತಾರೋಹಿ ಶಿಖರ ಮುಟ್ಟಿ ಇಳಿಯುತ್ತಾನೆ. ಸೈನಿಕ ಅಲ್ಲೇ ತಿಂಗಳುಗಟ್ಟಲೆ ಇರಬೇಕು. ಎರಡರ ನಡುವಿನ ಅಂತರವನ್ನು ಸೇನೆ ಬೆಲೆ ತೆತ್ತು ಕಲಿತಿದೆ. ಹವೆಗೆ ಒಗ್ಗುವುದಕ್ಕೆ ಮೂರು ಹಂತ: 2,700ರಿಂದ 3,600 ಮೀಟರ್‌ವರೆಗೆ ಆರು ದಿನ, 4,500ರವರೆಗೆ ನಾಲ್ಕು, ಅದರ ಮೇಲೆ ಮತ್ತೆ ನಾಲ್ಕು. ಮೊದಲ ಎರಡು ದಿನ ಪೂರ್ತಿ ವಿಶ್ರಾಂತಿ. ಅವಸರ ಮಾಡಿದರೆ ಶ್ವಾಸಕೋಶದೊಳಗೆ ನೀರು ತುಂಬುತ್ತದೆ. ಒಣಕೆಮ್ಮು, ಮಲಗಿದಾಗಲೂ ಏದುಸಿರು, ಆಮೇಲೆ ಗುಲಾಬಿ ನೊರೆ. ಮದ್ದಿಗಿಂತ ಮೊದಲು ಕೆಳಗಿಳಿಸಬೇಕು, ಆದರೆ ಬಿರುಗಾಳಿಯಲ್ಲಿ ಹೆಲಿಕಾಪ್ಟರ್ ಬರುವುದಿಲ್ಲ. 6,000 ಮೀಟರ್‌ನಲ್ಲಿ ನೀರು ಸುಮಾರು 80 ಡಿಗ್ರಿಗೇ ಕುದಿಯುತ್ತದೆ, ಪ್ರೆಷರ್ ಕುಕ್ಕರ್ ಇಲ್ಲದೆ ಬೇಳೆ ಬೇಯದು. ಕುಡಿಯುವ ಪ್ರತಿ ಲೋಟಕ್ಕೂ ಸೀಮೆಎಣ್ಣೆ ಉರಿಸಿ ಹಿಮ ಕರಗಿಸಬೇಕು, ಆ ಹೊಗೆ ಮುಚ್ಚಿದ ಗುಡಾರದಲ್ಲೇ ಸುತ್ತುತ್ತದೆ. 2003ರ ನವೆಂಬರಿನಲ್ಲಿ ಕದನವಿರಾಮ ಜಾರಿಗೆ ಬಂತು. ಗುಂಡಿಗಿಂತ ಹವೆಯೇ ಹೆಚ್ಚು ಜನರನ್ನು ಕೊಂದಿದೆ.

ಕುಮಾರ್ ಮನೆಯನ್ನೂ ಬೆಟ್ಟ ಬಿಡಲಿಲ್ಲ. ತಮ್ಮ ಮೇಜರ್ ಕಿರಣ್ ಕುಮಾರ್ 1985ರಲ್ಲಿ ಸೇನೆಯ ಎವರೆಸ್ಟ್ ಯಾತ್ರೆಯಲ್ಲಿ ಬಿದ್ದು ಸತ್ತರು. ಅಣ್ಣನಿಗೆ ಪದ್ಮಶ್ರೀ, ಅರ್ಜುನ ಪ್ರಶಸ್ತಿ, ಸಾಮಾನ್ಯವಾಗಿ ಜನರಲ್‌ಗಳಿಗೆ ಸಲ್ಲುವ ಪರಮ ವಿಶಿಷ್ಟ ಸೇವಾ ಪದಕ ಬಂದವು. ಪದವಿ ಮಾತ್ರ ಕರ್ನಲ್‌ಗೇ ನಿಂತಿತು. 2020ರ ಡಿಸೆಂಬರ್ 31ರಂದು, 87ನೇ ವಯಸ್ಸಿನಲ್ಲಿ, ದೆಹಲಿಯಲ್ಲಿ ಅವರು ತೀರಿಕೊಂಡರು. ಎನ್‌ಜೆ 9842ರಿಂದ ಮುಂದಕ್ಕೆ ಎರಡೂ ದೇಶ ಒಪ್ಪಿದ ಗೆರೆ ಅಂದಿಗೂ ಇರಲಿಲ್ಲ, ಈಗಲೂ ಇಲ್ಲ.