ಒಂದೆಕರೆ ತೋಟ, ಒಂಬತ್ತೆಕರೆ ಮಳೆ

ವರ್ಷಕ್ಕೆ ಎರಡು-ಮೂರು ಸಾವಿರ ಮಿಲಿಮೀಟರ್ ಮಳೆ ಸುರಿಯುವ ಮಲೆನಾಡಿನ ಕಣಿವೆಗಳ ಬೆಳೆ ಅಡಿಕೆ. ಅದೀಗ 600 ಮಿಲಿಮೀಟರ್ ಬಿದ್ದರೆ 'ಈ ಸಲ ಮಳೆ ಪರವಾಗಿಲ್ಲ' ಎನ್ನುವ ಚಿತ್ರದುರ್ಗ-ದಾವಣಗೆರೆ ಜಿಲ್ಲೆಗಳ ಹೊಳಲ್ಕೆರೆ, ಹೊಸದುರ್ಗ, ಜಗಳೂರು ಸೀಮೆಯ ಹೊಲಗಳಲ್ಲಿ ಸಾಲುಗಟ್ಟಿ ನಿಂತಿದೆ. ಚನ್ನಗಿರಿಯ ಮಾತಂತೂ ಬಿಡಿ, ಅಲ್ಲಿ ತೋಟವಿಲ್ಲದ ಊರು ಹುಡುಕಬೇಕು. ಸುಗ್ಗಿಯಲ್ಲಿ ಆ ಕಡೆ ಹೋದರೆ ರಸ್ತೆಯ ಎರಡೂ ಬದಿ ಸುಲಿದ ಸಿಪ್ಪೆಯ ರಾಶಿ. ಅದಕ್ಕೆ ಯಾರೋ ಬೆಂಕಿ ಇಟ್ಟಿರುತ್ತಾರೆ, ಬೈಕಿನವರು ಕಣ್ಣುಜ್ಜಿಕೊಂಡು ಹೋಗುತ್ತಾರೆ.

ಇದಕ್ಕೆಲ್ಲ ದುರಾಸೆ ಕಾರಣ ಎಂದು ಷರಾ ಬರೆದು ಮುಗಿಸುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಅಡಿಕೆ ಬಯಲಿಗೆ ಇಳಿದದ್ದರಲ್ಲಿ ಇಲ್ಲಿನ ಹವೆಯ ಕೈವಾಡವೂ ಇದೆ. ಮಲೆನಾಡಿನ ಬೆಳೆಗಾರನಿಗೆ ಆಷಾಢ-ಶ್ರಾವಣದ ಜಡಿಮಳೆಯೆಂದರೆ ಕೊಳೆರೋಗದ ಭಯ. ಫೈಟಾಫ್ತೊರಾ ಎಂಬ ಶಿಲೀಂಧ್ರದಂಥ ಜೀವಿ ಒದ್ದೆ ಗೊನೆಯಿಂದ ಗೊನೆಗೆ ಹರಡಿ ಎಳೆಕಾಯಿಯನ್ನೆಲ್ಲ ಉದುರಿಸುತ್ತದೆ. ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ದ್ರಾವಣವನ್ನು ಮಳೆಯ ನಡುವೆಯೇ ಮರ ಹತ್ತಿ ಸಿಂಪಡಿಸಬೇಕು. ಹತ್ತುವವರೂ ಈಗ ಸುಲಭಕ್ಕೆ ಸಿಗುವುದಿಲ್ಲ. ಕೊಯ್ದ ಮೇಲೆ ಬೇಯಿಸಿದ ಅಡಿಕೆ ಒಣಗಲು ಬಿಸಿಲು ಬೇಕು, ಅದೂ ಅನುಮಾನ. ನಮ್ಮ ಬಯಲುಸೀಮೆಯಲ್ಲಿ ಇವೆರಡೂ ತಲೆನೋವು ಬಹಳ ಕಮ್ಮಿ. ಹದವಾದ ಮಳೆ, ಧಾರಾಳ ಬಿಸಿಲು. ಮರಕ್ಕೆ ಬುಡಕ್ಕೆ ನೀರು ಸಿಕ್ಕರೆ ಸಾಕು, ನೆತ್ತಿಯ ಮೇಲೆ ಸುರಿಯಬೇಕೆಂದೇನಿಲ್ಲ. ಒಣ ಹವೆಯೇ ಇಲ್ಲಿ ಬಂಡವಾಳ, ನೀರೊಂದನ್ನು ಹೊಂದಿಸಿಕೊಂಡರೆ ಆಯಿತು. ಆ 'ಹೊಂದಿಸಿಕೊಳ್ಳುವುದು' ಕಾಲದಿಂದ ಕಾಲಕ್ಕೆ ಹೇಗೆ ಬದಲಾಯಿತು ಎಂಬುದರಲ್ಲೇ ಈ ಎರಡು ಜಿಲ್ಲೆಗಳ ಇವತ್ತಿನ ಕಥೆ ಇದೆ.

ಮೊದಲೂ ಇಲ್ಲಿ ಅಡಿಕೆ ಇತ್ತು. ಭೀಮಸಮುದ್ರದ ಅಡಿಕೆ ಪೇಟೆ ಹಳೆಯದು, ಅಲ್ಲಿನ ತೋಟಗಳು ಕೆರೆಯನ್ನು ನಂಬಿ ಬೆಳೆದವು. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ, ಅಂದರೆ ಶಾಂತಿಸಾಗರ, ಎರಡು ಗುಡ್ಡಗಳ ನಡುವೆ ಏರಿ ಕಟ್ಟಿ ಹರಿದ್ರಾವತಿಯನ್ನು ನಿಲ್ಲಿಸಿದ ಕೆರೆ. ಸುಮಾರು 6,500 ಎಕರೆ ಹರವು. ಸಿದ್ಧನ ತೂಬು, ಬಸವನ ತೂಬು ಎಂದು ಎರಡು ತೂಬು. ಅವುಗಳ ಕೆಳಗೆ ಗದ್ದೆ, ತೋಟ. ಚಿತ್ರದುರ್ಗ ನಗರ ಕುಡಿಯುವುದೂ ಇದೇ ಕೆರೆಯ ನೀರನ್ನು. ಕೆರೆಯ ಕಾಲದಲ್ಲಿ ಲೆಕ್ಕ ಸರಳವಾಗಿತ್ತು. ಕೆರೆ ಎಷ್ಟೋ ತೋಟ ಅಷ್ಟು. ಹೆಚ್ಚು ಹಾಕಿದವನ ಮರ ಬೇಸಿಗೆಯಲ್ಲಿ ಒಣಗುತ್ತಿತ್ತು, ಮುಂದಿನ ವರ್ಷ ಯಾರೂ ಆ ತಪ್ಪು ಮಾಡುತ್ತಿರಲಿಲ್ಲ. ನೀರು ಎಲ್ಲರ ಕಣ್ಣಿಗೂ ಕಾಣುತ್ತಿತ್ತು, ಏರಿ ಮೇಲೆ ನಿಂತು ನೋಡಿದರೆ ಸಾಕಿತ್ತು.

ಬೋರ್‌ವೆಲ್ ಬಂದು ಆ ಕಟ್ಟು ಬಿಚ್ಚಿತು. ಈಗ ತೋಟದ ಅಳತೆ ಕೆರೆಯನ್ನು ಕೇಳುವುದಿಲ್ಲ, ಸಾಲ ಎಷ್ಟು ಸಿಗುತ್ತದೆ ಎಂದು ಕೇಳುತ್ತದೆ.

ಬೋರ್ ಕೊರೆಸುವ ರಾತ್ರಿಯನ್ನು ನೋಡಿದವರಿಗೆ ಬೇರೆ ವಿವರಣೆ ಬೇಕಿಲ್ಲ. ಪಾಯಿಂಟ್ ನೋಡುವವರು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲ ಸುತ್ತಿ, ಅದು ಎದ್ದು ನಿಂತ ಕಡೆ ಗೂಟ ಹೊಡೆದಿರುತ್ತಾರೆ. ತಮಿಳುನಾಡಿನ ನೋಂದಣಿಯ ಲಾರಿ, ಎದೆ ನಡುಗಿಸುವ ಕಂಪ್ರೆಸರ್. ಮೊದಲ ಅರವತ್ತು-ಎಂಬತ್ತು ಅಡಿ ಕೆಂಪು ಮಣ್ಣು, ಆಮೇಲೆ ಸವೆದ ಕಲ್ಲು, ಅಲ್ಲಿಗೆ ಮಣ್ಣು ಕುಸಿಯದಂತೆ ಇಳಿಸುವ ಕೇಸಿಂಗ್ ಪೈಪು ಮುಗಿಯುತ್ತದೆ. ಅದರ ಕೆಳಗೆ ಗಟ್ಟಿ ಬಂಡೆ. ಬಾಯಿಂದ ಬಿಳಿ ಪುಡಿ ಹೊಗೆಯಂತೆ ಏಳುತ್ತಿರುತ್ತದೆ. ಆ ಪುಡಿ ಒದ್ದೆಯಾಗಿ ಬೂದು ಕೆಸರಾದರೆ ಮನೆಯವರ ಮುಖ ಅರಳುತ್ತದೆ. 'ಎರಡಿಂಚು ಬಿತ್ತು' ಅಂತ ಫೋನು. ಬರೀ ಪುಡಿಯೇ ಬರುತ್ತಿದ್ದರೆ, ಇನ್ನೊಂದು ನೂರಡಿ ಹೋಗೋಣವೋ ಬೇಡವೋ ಎಂಬ ಮಾತು. ಅಡಿಗೆ ಇಷ್ಟು ಎಂದು ಮೀಟರ್ ಓಡುತ್ತಿರುವಾಗ ನಡೆಯುವ ಆ ಮಾತುಕತೆಗಿಂತ ಕಷ್ಟದ ಆರ್ಥಿಕ ತೀರ್ಮಾನ ರೈತನ ಬದುಕಿನಲ್ಲಿ ಇರಲಾರದು.

ಕೆಳಗಿನ ಬಂಡೆಯ ಸ್ವಭಾವ ಏನು? ಗ್ರಾನೈಟ್, ನೈಸ್ ಜಾತಿಯ ಕಲ್ಲಿಗೆ ಸ್ವಂತದ ಸೂಕ್ಷ್ಮರಂಧ್ರಗಳು ಇಲ್ಲವೆಂದೇ ಹೇಳಬೇಕು. ನೀರು ನಿಲ್ಲುವುದು ಮೇಲಿನ ಸವೆದ ಪದರದಲ್ಲಿ ಮತ್ತು ಕೆಳಗಿನ ಬಿರುಕುಗಳಲ್ಲಿ. ಆಳಕ್ಕೆ ಹೋದಷ್ಟೂ ಬಿರುಕು ಕಮ್ಮಿ. ಸವೆದ ಪದರದ ಒಂದು ಘನ ಮೀಟರ್ ಕಲ್ಲು-ಮಣ್ಣಿನಿಂದ ಪಂಪ್ ಮಾಡಿ ತೆಗೆಯಬಹುದಾದ ನೀರು 10ರಿಂದ 20 ಲೀಟರ್, ಅಂದರೆ ಒಂದು ಕ್ಯಾನ್. ಕೆಳಗೆ ಸಮುದ್ರವಿದೆ ಎಂದು ನಂಬಿ ಕೊರೆಯುತ್ತೇವೆ, ಇರುವುದು ಸಾಸರಿನಷ್ಟು ತೆಳ್ಳಗಿನ ಸಂಗ್ರಹ. ಬೇಗ ತುಂಬುತ್ತದೆ, ಅಷ್ಟೇ ಬೇಗ ಬರಿದಾಗುತ್ತದೆ.

ಈಗ ಒಂದು ಲೆಕ್ಕ. ಎರಡು ಮುಕ್ಕಾಲು ಮೀಟರ್ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 550 ಅಡಿಕೆ ಮರ. ಡ್ರಿಪ್ ಹಾಕಿ ಹಿತಮಿತವಾಗಿ ಕೊಟ್ಟರೂ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಬೇಕು. ಎಕರೆಗೆ ದಿನಕ್ಕೆ 10,000 ಲೀಟರ್ ಎನ್ನಿ. ವರ್ಷದಲ್ಲಿ ಆರು ತಿಂಗಳು ನೀರು ಕಟ್ಟಿದರೆ 18 ಲಕ್ಷ ಲೀಟರ್. ಇನ್ನು ಜಮಾ ಕಡೆ ನೋಡಿ. ಒಂದು ಎಕರೆ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 4,000 ಲೀಟರ್. 600 ಮಿಲಿಮೀಟರ್ ಮಳೆಯಲ್ಲಿ ಬಹುಪಾಲು ಆವಿಯಾಗುತ್ತದೆ, ಗಿಡಗಂಟಿ ಹೀರುತ್ತವೆ, ಒಂದಿಷ್ಟು ಹಳ್ಳಕ್ಕೆ ಹರಿಯುತ್ತದೆ. ನಮ್ಮಂಥ ಕಲ್ಲುನೆಲದಲ್ಲಿ ಅಂತರ್ಜಲ ಸೇರುವುದು ನೂರಕ್ಕೆ ಐದರಿಂದ ಹತ್ತು ಪಾಲು. ಎಂಟು ಎಂದಿಟ್ಟುಕೊಂಡರೆ ಎಕರೆಗೆ ಸುಮಾರು ಎರಡು ಲಕ್ಷ ಲೀಟರ್. 18 ಲಕ್ಷ ಖರ್ಚು, 2 ಲಕ್ಷ ಜಮಾ. ಅಂದರೆ ಒಂದೆಕರೆ ತೋಟ ಉಳಿಯಬೇಕಾದರೆ ಒಂಬತ್ತು ಎಕರೆಯ ಮಳೆ ಇಂಗಿ ಆ ಒಂದು ಬೋರಿಗೆ ಬಂದು ಸೇರಬೇಕು. ಮಣ್ಣು ಒಳ್ಳೆಯದಿದ್ದರೆ ಒಂಬತ್ತು ಏಳೂವರೆಯಾಗಬಹುದು, ಕೆಟ್ಟದಿದ್ದರೆ ಹದಿನೈದಾಗಬಹುದು. ಒಂದಕ್ಕೆ ಒಂದಂತೂ ಆಗುವುದಿಲ್ಲ.

ಹತ್ತೆಕರೆಗೆ ಒಂದೆಕರೆ ತೋಟ ಇದ್ದಷ್ಟು ದಿನ ಯಾರಿಗೂ ತೊಂದರೆ ಗೊತ್ತಾಗಲಿಲ್ಲ. ಪಕ್ಕದ ಒಂಬತ್ತು ಎಕರೆಯಲ್ಲಿ ಶೇಂಗಾ, ರಾಗಿ, ಸಜ್ಜೆ, ಮೆಕ್ಕೆಜೋಳ ಇದ್ದವು. ಅವು ಮಣ್ಣಿನ ಮೇಲ್ಪದರದ ಮಳೆನೀರನ್ನೇ ಕುಡಿದು ಬದುಕುವ ಬೆಳೆಗಳು, ಬಂಡೆಯೊಳಗಿನ ನೀರಿಗೆ ಕೈ ಹಾಕುವುದಿಲ್ಲ. ಮೊದಲ ತೋಟದವನ ಲಾಭದಲ್ಲಿ ಪಕ್ಕದ ಶೇಂಗಾ ಹೊಲದವನ ಪಾಲಿತ್ತು, ಅದಕ್ಕೆ ಅವನು ಬಿಲ್ಲು ಕಳಿಸಿರಲಿಲ್ಲ ಅಷ್ಟೆ. ಅವನೂ ತೋಟ ಹಾಕಿದ ದಿನ ಇಬ್ಬರ ಬೋರೂ ಕೆಮ್ಮಲು ಶುರು.

ಅವನು ಯಾಕೆ ಹಾಕಿದ? 2023-24ರಲ್ಲಿ ಮೆಕ್ಕೆಜೋಳದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,090 ರೂಪಾಯಿ. ರಾಶಿ ಅಡಿಕೆಯ ಧಾರಣೆ 40 ಸಾವಿರದ ಮೇಲೆ. ಚಳ್ಳಕೆರೆಯ ಎಣ್ಣೆ ಗಿರಣಿಗಳ ಭರಾಟೆ ನೋಡಿ ಶೇಂಗಾ ಬಿತ್ತುತ್ತಿದ್ದವರಿಗೆ, 1994ರಲ್ಲಿ ತಾಳೆ ಎಣ್ಣೆಯ ಆಮದು ಮುಕ್ತವಾದ ಮೇಲೆ ಆ ಪೇಟೆಯೂ ಮೊದಲಿನಂತೆ ಉಳಿಯಲಿಲ್ಲ. ಇತ್ತ ಅಡಿಕೆಗೆ ದೆಹಲಿಯ ಕಾವಲಿದೆ. 2023ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿತು. ಅಂಥದ್ದೊಂದು ಅಧಿಸೂಚನೆ ಹೊಳಲ್ಕೆರೆಯ ಅಂತರ್ಜಲವನ್ನು ಎಷ್ಟು ಅಡಿ ಇಳಿಸಬಹುದು ಎಂದು ಯಾವ ಕಚೇರಿಯೂ ಲೆಕ್ಕ ಹಾಕುವುದಿಲ್ಲ. ಹತ್ತು ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟ್ ಉಚಿತ. ತ್ರೀ ಫೇಸ್ ಯಾವಾಗ ಬರುತ್ತದೋ ಗೊತ್ತಿಲ್ಲದ್ದರಿಂದ ಆಟೋ ಸ್ಟಾರ್ಟರ್ ಹಾಕಿಟ್ಟು ಮಲಗುತ್ತಾರೆ. ಕರೆಂಟ್ ಬಂದಾಗಲೆಲ್ಲ ಊರಿನ ಮೋಟಾರುಗಳೆಲ್ಲ ಒಟ್ಟಿಗೆ ಓಡುತ್ತವೆ, ಬೇಕೋ ಬೇಡವೋ.

ಡ್ರಿಪ್ ಇದಕ್ಕೆಲ್ಲ ಮದ್ದು ಎನ್ನುವುದು ಅರ್ಧ ಸತ್ಯ. ಒಂದು ಮರದ ಮಟ್ಟಿಗೆ ಡ್ರಿಪ್ ನೀರು ಉಳಿಸುವುದು ನಿಜ. ಆದರೆ ಉಳಿದ ನೀರನ್ನು ಯಾರೂ ಬಂಡೆಯಲ್ಲಿ ಬಿಡುವುದಿಲ್ಲ, ಪಕ್ಕದ ಇನ್ನೊಂದು ಎಕರೆಗೆ ಸಸಿ ತರುತ್ತಾರೆ. ನಾನೇ ಆ ರೈತನಾಗಿದ್ದರೂ ತರುತ್ತಿದ್ದೆ.

ಮರದ ಬೆಳೆಗೆ ಇನ್ನೊಂದು ಗುಣವಿದೆ, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡದು ಅದೇ. ಮೆಕ್ಕೆಜೋಳದವನು ಮಳೆ ಕೈಕೊಟ್ಟರೆ ಬಿತ್ತುವುದನ್ನೇ ಬಿಡಬಹುದು. ನಷ್ಟ ಒಂದು ವರ್ಷದ್ದು. ಅಡಿಕೆ ಫಸಲಿಗೆ ಬರಲು ಐದಾರು ವರ್ಷ, ಆಮೇಲೆ ದಶಕಗಟ್ಟಲೆ ನಿಲ್ಲುತ್ತದೆ. ಬರಗಾಲಕ್ಕೆ ಅದು ರಜೆ ಕೊಡುವುದಿಲ್ಲ. 2022ರಲ್ಲಿ ಏನಾಯಿತು ನೋಡಿ. ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಮುಗಿದ ಮಾರಿಕಣಿವೆಯ ವಾಣಿ ವಿಲಾಸ ಸಾಗರ 1933ರಲ್ಲಿ ಒಮ್ಮೆ ಕೋಡಿ ಬಿದ್ದಿತ್ತು. ಮತ್ತೆ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ, 89 ವರ್ಷದ ಮೇಲೆ. ಭರ್ಜರಿ ಮಳೆಯ ಜತೆಗೆ ಭದ್ರೆಯಿಂದ ಹರಿಸಿದ ನೀರೂ ಸೇರಿತ್ತು. ಜನ ಜಾತ್ರೆಯಂತೆ ಹೋಗಿ ನೋಡಿದರು. ಕೈಬಿಟ್ಟಿದ್ದ ಬೋರ್‌ಗಳಲ್ಲಿ ನೀರು ತಾನಾಗಿ ಉಕ್ಕಿತು. ಸಾಸರ್ ತುಂಬಿದ್ದನ್ನು ಕಂಡವರು ಸಸಿ ತಂದರು. ಮರುವರ್ಷವೇ ಬರ. 2024ರ ಬೇಸಿಗೆಯಲ್ಲಿ ಚನ್ನಗಿರಿ, ದಾವಣಗೆರೆ ತಾಲ್ಲೂಕುಗಳಲ್ಲಿ ತೋಟಕ್ಕೆ ಟ್ಯಾಂಕರ್ ನೀರು ಹೊಡೆಸಿದರು. ಒಂದು ಒಳ್ಳೆಯ ವರ್ಷದ ನೀರನ್ನು ನಂಬಿ ನಲವತ್ತು ವರ್ಷದ ಬಾಯಿ ಸೃಷ್ಟಿಸಿದಂತಾಯಿತು.

ನಾಲೆಯ ನೀರಿನ ಜಗಳದ ರೂಪವೂ ಇದರಿಂದಲೇ ಬದಲಾಗಿದೆ. 2023ರಲ್ಲಿ ಭದ್ರಾ ಜಲಾಶಯ ತುಂಬದಿದ್ದಾಗ ದಾವಣಗೆರೆ ಕಡೆಯ ಭತ್ತದವರು 'ನೂರು ದಿನ ನಿರಂತರ ನೀರು ಬಿಡಿ' ಎಂದು ಬೀದಿಗಿಳಿದರು. ಮೇಲ್ಭಾಗದ ತೋಟದವರಿಗೆ ಬೇಕಾಗಿದ್ದದ್ದು ಬೇಸಿಗೆಗೆ ಉಳಿಕೆ. ಒಂದೇ ಜಲಾಶಯ, ಒಂದೇ ಅಚ್ಚುಕಟ್ಟು. ಆದರೆ ಭತ್ತಕ್ಕೆ ಒಟ್ಟಿಗೆ ನೀರು ಬೇಕು, ಅಡಿಕೆಗೆ ವರ್ಷಪೂರ್ತಿ ಗುಟುಕು ಬೇಕು. ನೀರಾವರಿ ಸಲಹಾ ಸಮಿತಿಯವರು ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುವ ಆನ್ ಅಂಡ್ ಆಫ್ ಪದ್ಧತಿಯಲ್ಲಿ ಎಷ್ಟು ದಿನ ತೂಗಿದರೂ ಇಬ್ಬರಿಗೂ ಸಮಾಧಾನವಾಗುವ ತೂಕ ಸಿಗದು. ನಾಲೆಯ ಕೊನೆ ಭಾಗದವರ ಗೋಳಂತೂ ಎರಡೂ ಕಡೆಯ ಲೆಕ್ಕದಲ್ಲಿ ಬರುವುದೇ ಇಲ್ಲ.

ಬೋರ್ ಆಳವಾದಂತೆ ಬದಲಾಗುವುದು ನೀರಿನ ಪ್ರಮಾಣ ಮಾತ್ರವಲ್ಲ, ರುಚಿಯೂ. ಬಂಡೆಯ ಬಿರುಕಿನಲ್ಲಿ ಬಹುಕಾಲ ಕೂತ ನೀರು ಅಲ್ಲಿನ ಖನಿಜಗಳಿಂದ ಫ್ಲೋರೈಡನ್ನು ಕರಗಿಸಿಕೊಂಡಿರುತ್ತದೆ. ಸೋಡಿಯಂ ಹೆಚ್ಚಿದ್ದು ಕ್ಯಾಲ್ಸಿಯಂ ಕಮ್ಮಿ ಇದ್ದರೆ ಇನ್ನೂ ಜಾಸ್ತಿ ಕರಗುತ್ತದೆ. ಲೀಟರಿಗೆ ಒಂದು ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿಯೇ ಇಲ್ಲದಿದ್ದರೆ ಒಂದೂವರೆ ಎನ್ನುತ್ತದೆ ಭಾರತೀಯ ಮಾನಕ. ಅದನ್ನು ಮೀರಿದ ನೀರು ಮಕ್ಕಳ ಹಲ್ಲಿಗೆ ಕಂದು ಕಲೆ ತರುತ್ತದೆ, ವರ್ಷಗಟ್ಟಲೆ ಕುಡಿದರೆ ಮೂಳೆ-ಕೀಲಿಗೂ ಇಳಿಯುತ್ತದೆ. ಅದಕ್ಕೇ ಊರೂರಿಗೂ ಶುದ್ಧ ನೀರಿನ ಘಟಕ. ನಾಣ್ಯ ಹಾಕಿ ಇಪ್ಪತ್ತು ಲೀಟರಿನ ಕ್ಯಾನ್ ಹಿಡಿದು ಸಾಲಿನಲ್ಲಿ ನಿಲ್ಲುವವರಲ್ಲಿ ತೋಟ ಇಲ್ಲದವರೂ ಇದ್ದಾರೆ. ಅಡಿಕೆಯ ಹಣ ಕೆಲವರ ಮನೆಗೆ, ಕ್ಯಾನಿನ ಖರ್ಚು ಎಲ್ಲರ ಮನೆಗೆ.

ಈಗ ಹೊಸ ನೀರು ಬರುತ್ತಿದೆ. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ 29.9 ಟಿಎಂಸಿ, ಡ್ರಿಪ್ಪಿನ ಮೂಲಕ 2,25,515 ಹೆಕ್ಟೇರ್, ಜತೆಗೆ ನೂರಾರು ಕೆರೆ. ಜಗಳೂರು ಕಡೆಗೆ, ಹರಿಹರ ತಾಲ್ಲೂಕಿನ ದೀಟೂರಿನ ಬಳಿ ತುಂಗಭದ್ರೆಯಿಂದ ನೀರೆತ್ತಿ 57 ಕೆರೆ ತುಂಬಿಸುವ ಯೋಜನೆ. ಬರದ ನಾಡಿಗೆ ನೀರು ಬೇಡ ಎನ್ನಲು ಯಾರಿಗೂ ಬಾಯಿಲ್ಲ, ನನಗೂ ಇಲ್ಲ. ಆದರೆ ಪೈಪು ಬರುವ ಸುದ್ದಿಗಿಂತ ಮುಂಚೆಯೇ ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಅಡಿಕೆ ಸಸಿ ಬಂದಿಳಿಯುತ್ತಿದೆ.

ಅದೇ ಲೆಕ್ಕವನ್ನು ಇಲ್ಲಿಗೂ ಹಾಕಬಹುದು. ಒಂದು ಕೋಟಿ ಘನ ಅಡಿ ಹಿಡಿಯುವ ಕೆರೆ ಎಂದರೆ 28 ಕೋಟಿ ಲೀಟರ್ ಚಿಲ್ಲರೆ. ಬಿಸಿಲಿಗೆ ಆವಿಯಾದದ್ದು, ಬೋರಿಗೆ ಸಿಗದೆ ಆಚೆ ಹೋದದ್ದು ಎಂದು ಅರ್ಧ ಕಳೆಯಿರಿ. ಉಳಿದ 14 ಕೋಟಿಯನ್ನು 18 ಲಕ್ಷದಿಂದ ಭಾಗಿಸಿದರೆ ಬರುವುದು ಎಂಬತ್ತು ಎಕರೆಗೂ ಕಮ್ಮಿ ತೋಟ, ಅದೂ ಕೆರೆ ಪ್ರತಿವರ್ಷ ತುಂಬಿದರೆ. ಅಂಥ ಕೆರೆಯ ಕೆಳಗೆ ಹೊಲ ಇರುವವರ ಪಹಣಿ ಸೇರಿಸಿದರೆ ಎಂಬತ್ತರ ಎಷ್ಟೋ ಪಟ್ಟು ಎಕರೆ ಆಗುತ್ತದೆ. ಎಂಬತ್ತೊಂದನೇ ಎಕರೆಯವನು ಏನು ಬೆಳೆಯಬೇಕು, ಅವನಿಗೆ ಬರುವ ನಷ್ಟವನ್ನು ತೋಟದವರು ಹೇಗೆ ತುಂಬಿಕೊಡಬೇಕು ಎಂಬುದನ್ನು ಸಸಿ ನೆಡುವ ಮೊದಲು ಗ್ರಾಮಸಭೆಯಲ್ಲಿ ಮಾತಾಡಬಹುದು. ನೆಟ್ಟ ಮೇಲಾದರೆ ಆ ಮಾತು ನಡೆಯುವುದು ಬೋರ್ ಲಾರಿಯವನ ಜತೆ, ಅಡಿ ಲೆಕ್ಕದಲ್ಲಿ.