25ನೇ ನಂಬರಿನ ಪ್ರೀತಿ: ಆನ್‌ಲೈನ್ ಥಿಯಾಲಜಿ ಕೋರ್ಸಿನ ಟಿಪ್ಪಣಿ

ನಾಲ್ಕನೇ ವಾರದ ಅಸೈನ್‌ಮೆಂಟ್ ವಾಪಸ್ ಬಂದಿದೆ, ಅರ್ಧಕ್ಕರ್ಧ ಕೆಂಪು. ಬಿಸಿ ಆರೋಕ್ ಮುಂಚೆ ಬರೆದಿಟ್ಕೋತೀನಿ, ಹೇಗೂ ಇದೇ ಮಾಡ್ಯೂಲ್ ನಿಮಗೂ ಬರುತ್ತೆ.

ಕ್ಲಾಸ್ ಹೇಗೆ ನಡಿಯುತ್ತೆ ಅಂದ್ರೆ, ಸೋಮವಾರ ಮೂಡಲ್‌ನಲ್ಲಿ (ಕೋರ್ಸಿನ ವೆಬ್‌ಸೈಟ್) ವಿಡಿಯೋ, ಬುಧವಾರದೊಳಗೆ ಫೋರಮ್‌ಗೆ 150 ಪದ, ಶುಕ್ರವಾರ ಸಂಜೆ ಜೂಮ್‌ನಲ್ಲಿ ಒಂದು ಗಂಟೆ ಬರೀ ಚರ್ಚೆ. ಫ್ಲಿಪ್ಡ್ ಕ್ಲಾಸ್‌ರೂಮ್ ಅಂತ ದೊಡ್ಡ ಹೆಸರು. ಆದ್ರೆ ಸಭೆ, ಅಂದ್ರೆ ಚರ್ಚ್, ನೋಡ್ಕೊಂಡೇ ಓದೋರಿಗೆ ಇದೇನ್ ಹೊಸದಲ್ಲ, 1963ರಲ್ಲೇ ಗ್ವಾಟೆಮಾಲದ ಪ್ರೆಸ್ಬಿಟೇರಿಯನ್ ಸೆಮಿನರಿಯವರು ಟಿಇಇ (ಥಿಯಲಾಜಿಕಲ್ ಎಜುಕೇಶನ್ ಬೈ ಎಕ್ಸ್‌ಟೆನ್ಶನ್) ಅಂತ ಶುರು ಮಾಡಿದ್ರು, ಊರು ಬಿಟ್ಟು ಬರೋಕಾಗದ ಸಭಾನಾಯಕರಿಗೆ ವರ್ಕ್‌ಬುಕ್ ಕೊಟ್ಟು ಮನೇಲಿ ಓದೋಕೆ ಹೇಳೋದು, ಆಮೇಲೆ ಮೇಷ್ಟ್ರೇ ಅವರಿದ್ದಲ್ಲಿಗೆ ಹೋಗಿ ಕೂತು ಚರ್ಚೆ ಮಾಡೋದು. ಇದೇ ಟಿಇಇ ನಡೆಸೋ ಬೆಂಗಳೂರಿನ ಟಾಫ್ಟೀ ಸಂಸ್ಥೆಯವರ ಪಾಠಗಳೂ ಇದೇ ದಾರಿ. ಮೇಷ್ಟ್ರ ಬಸ್ಸಿನ ಜಾಗಕ್ಕೆ ಈಗ ನೆಟ್‌ವರ್ಕ್ ಬಂದಿದೆ ಅಷ್ಟೇ, ಎರಡೂ ಟೈಮಿಗೆ ಸರಿಯಾಗಿ ಬರಲ್ಲ.

ಟೂಲ್ಸ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ಮೂಲ ಭಾಷೆಯ ಪದ ನೋಡೋಕೆ ಕೇಂಬ್ರಿಡ್ಜಿನ ಟಿಂಡೇಲ್ ಹೌಸಿನವರ ಸ್ಟೆಪ್ ಬೈಬಲ್ ಆ್ಯಪ್ ಫ್ರೀ, ಡೌನ್‌ಲೋಡ್ ಮಾಡ್ಕೊಂಡ್ರೆ ನೆಟ್ ಇಲ್ದೇನೂ ಓಡುತ್ತೆ. ಪದ ಬಾಯಿಪಾಠಕ್ಕೆ ಆಂಕಿ ಅನ್ನೋ ಫ್ಲ್ಯಾಶ್‌ಕಾರ್ಡ್ ಆ್ಯಪ್. ಗ್ರೀಕ್ ಹೊಸ ಒಡಂಬಡಿಕೆಯಲ್ಲಿ 50 ಅಥವಾ ಅದಕ್ಕಿಂತ ಹೆಚ್ಚು ಸಲ ಬರೋ ಪದ ಸುಮಾರು 300 ಇವೆ, ಅಷ್ಟು ಬಂದ್ರೆ ಪಠ್ಯದ ನೂರಕ್ಕೆ ಹತ್ತಿರತ್ತಿರ 80 ಪದ ಗುರುತು ಸಿಗುತ್ತೆ. ಹೀಬ್ರೂ ಟೈಪ್ ಮಾಡುವಾಗ ಕರ್ಸರ್ ಬಲದಿಂದ ಎಡಕ್ಕೆ ಓಡುತ್ತೆ, ಗಾಬರಿ ಬೀಳ್ಬೇಡಿ.

ಈಗ ನಾನು ಬಿದ್ದ ಹಳ್ಳಕ್ಕೆ ಬರೋಣ.

ಪಾಠ ಯೋಹಾನ 21:15-17. ಯೇಸು ತನ್ನ ಶಿಷ್ಯ ಪೇತ್ರನನ್ನ ಮೂರು ಸಲ 'ನನ್ನನ್ನ ಪ್ರೀತಿಸ್ತೀಯಾ' ಅಂತ ಕೇಳೋದು. ಆ್ಯಪ್‌ನಲ್ಲಿ ಪದದ ಮೇಲೆ ಬೆರಳಿಟ್ರೆ ಸ್ಟ್ರಾಂಗ್ ನಂಬರ್, ಅಂದ್ರೆ ಅದರ ಮೂಲ ಪದಕ್ಕೆ ಕೊಟ್ಟಿರೋ ಸಂಖ್ಯೆ, ಬರುತ್ತೆ (ಜಿ ಅಂದ್ರೆ ಗ್ರೀಕ್). ಮೊದಲೆರಡು ಪ್ರಶ್ನೆಗೆ ಜಿ25, ಅಂದ್ರೆ ಅಗಪಾವೋ. ಮೂರನೇದಕ್ಕೆ ಜಿ5368, ಫಿಲೆಯೋ. ಪೇತ್ರನ ಉತ್ತರ ಮೂರೂ ಸಲ 5368. ನಂಗೆ ಖುಷಿಯೋ ಖುಷಿ! 'ಅಗಪಾವೋ ದೈವಿಕ ಪ್ರೀತಿ, ಫಿಲೆಯೋ ಬರೀ ಸ್ನೇಹ, ಪೇತ್ರನ ಮಟ್ಟಕ್ಕೆ ಯೇಸುವೇ ಇಳಿದು ಬಂದ' ಅಂತ 150 ಪದ ಹತ್ತೇ ನಿಮಿಷದಲ್ಲಿ ಬರೆದು ಹಾಕಿದೆ, ಭಾನುವಾರದ ಪ್ರಸಂಗಕ್ಕೂ ಆಯ್ತು ಅಂದ್ಕೊಂಡೆ. ಅದರ ಕೆಳಗೆ ಮೇಷ್ಟ್ರು ಒಂದೇ ಸಾಲು ಬರೆದ್ರು: '2 ತಿಮೊಥೆಯ 4:10ರಲ್ಲಿ ನಂಬರ್ ಎಷ್ಟಿದೆ ನೋಡಿ.'

ನೋಡಿದ್ರೆ 25. ಅಲ್ಲಿ ದೇಮ ಈ ಲೋಕವನ್ನ ಪ್ರೀತಿಸಿ ಪೌಲನ ಕೈಬಿಟ್ಟು ಹೋಗ್ತಾನೆ. ಅದ್ಯಾವ ದೈವಿಕ ಪ್ರೀತಿ? ಹಳೆ ಒಡಂಬಡಿಕೆಯ ಗ್ರೀಕ್ ಅನುವಾದ ಸೆಪ್ಟುವಜಿಂಟ್‌ನಲ್ಲಿ ಇನ್ನೂ ಕಷ್ಟ, 2 ಸಮುವೇಲ 13ರಲ್ಲಿ ಅಮ್ನೋನ ತಾಮಾರಳನ್ನ ಹಾಳುಮಾಡಿದನಲ್ಲ, ಅವನ ಆಸೆಗೂ ಇದೇ ಅಗಪಾವೋ. ಈ ಕಡೆ ಫಿಲೆಯೋ ಕೆಳಮಟ್ಟದ್ದು ಅನ್ನೋಣ ಅಂದ್ರೆ ಯೋಹಾನ 3:35ರಲ್ಲಿ ತಂದೆ ಮಗನನ್ನ ಪ್ರೀತಿಸೋದು ಅಗಪಾವೋ, 5:20ರಲ್ಲಿ ಅದೇ ತಂದೆ, ಅದೇ ಮಗ, ಪದ ಮಾತ್ರ ಫಿಲೆಯೋ.

ನಾನು ತಪ್ಪಿದ್ದು ಎಲ್ಲಿ ಅಂದ್ರೆ, ನಂಬರನ್ನೇ ಅರ್ಥ ಅಂದ್ಕೊಂಡೆ. ಇದನ್ನ ಮೂರು ಸಲ ಓದಿ, ನಾನೂ ಮೂರು ಸಲ ಬರೆದೆ. ಜೇಮ್ಸ್ ಸ್ಟ್ರಾಂಗ್ 1890ರಲ್ಲಿ ಕಿಂಗ್ ಜೇಮ್ಸ್ ಬೈಬಲ್‌ಗೆ ಪದಸೂಚಿ ಮಾಡುವಾಗ ಗ್ರೀಕ್ ಪದಗಳನ್ನ ಅಕ್ಷರ ಕ್ರಮದಲ್ಲಿ ಜೋಡಿಸಿ ಒಂದೊಂದಕ್ಕೆ ಒಂದೊಂದು ಸಂಖ್ಯೆ ಕೊಟ್ಟ. ಅಗಪಾವೋ 25, ಅಗಾಪೆ 26, ಅಗಾಪೆಟೋಸ್ 27. ಸ್ಕೂಲ್ ಹಾಜರಿ ಪುಸ್ತಕದ ರೋಲ್ ನಂಬರ್ ಇದ್ದ ಹಾಗೆ, 25ನೇ ನಂಬರಿನ ಹುಡುಗ ಎಂಥವನು ಅಂತ ರೋಲ್ ನಂಬರ್ ನೋಡಿ ಹೇಳೋಕಾಗುತ್ತಾ? ನಂಬರ್ ಕೆಳಗೆ ಬರೋ ಅರ್ಥಗಳ ಪಟ್ಟಿ ಇನ್ನೂ ಡೇಂಜರ್, ಆ ಪದಕ್ಕೆ ಎಲ್ಲೆಲ್ಲಿ ಏನೇನು ಅರ್ಥ ಬಂದಿದ್ಯೋ ಎಲ್ಲಾ ಒಂದೇ ಗೋಣಿಚೀಲಕ್ಕೆ ತುಂಬಿರ್ತಾರೆ. ಹೀಬ್ರೂ ಹೆಸೆದ್, ನಂಬರ್ 2617, ಕೀರ್ತನೆ 136ರ 26 ವಚನದಲ್ಲೂ ಬರುತ್ತಲ್ಲ ಆ ಕೃಪೆ, ಅದರ ಪಟ್ಟಿ ಕೊನೇಲಿ 'ನಿಂದೆ' ಅಂತಾನೂ ಇದೆ. ಅದು ಜ್ಞಾನೋಕ್ತಿ 14:34ರ ಸಂದರ್ಭಕ್ಕೆ ಸೇರಿದ್ದು. ಕೀರ್ತನೆಗೆ ಅದನ್ನ ತಂದು ಹಾಕಿದ್ರೆ ಗತಿ ಏನು?

(ಇನ್ನೊಂದು ಎಡವಟ್ಟು: ಫಿಲೆಯೋ ಹೊಸ ಒಡಂಬಡಿಕೆಯಲ್ಲಿ ಬರೋದು 25 ಸಲ. ಈ 25, ಆ ಜಿ25 ಎರಡನ್ನೂ ಕಲಸಿ ಡ್ರಾಫ್ಟ್‌ನಲ್ಲಿ ಅರ್ಧ ಪ್ಯಾರಾ ಬರೆದಿದ್ದೆ. ಆ 25ರಲ್ಲಿ ಮೂರು ಕಡೆ ಅರ್ಥ 'ಮುದ್ದಿಡು', ಯೂದ ಯೇಸುವನ್ನ ಹಿಡಿದುಕೊಡೋ ಕಥೆಯಲ್ಲಿ. ಬರೀ ಸ್ನೇಹವಂತೆ!)

ಹಾಗಾದ್ರೆ ಯೋಹಾನ ಪದ ಬದಲಾಯಿಸಿದ್ದು ಯಾಕೆ? ಅದೇ ಮೂರು ವಚನದಲ್ಲಿ ಕುರಿಮರಿ-ಕುರಿ, ಮೇಯಿಸು-ಕಾಯಿ, ತಿಳಿ ಅನ್ನೋಕೂ ಎರಡು ಕ್ರಿಯಾಪದ, ಎಲ್ಲಾ ಜೋಡಿ ಜೋಡಿ. ಅವನ ಶೈಲಿನೇ ಹಾಗೆ ಅನ್ಸುತ್ತೆ. ಪೇತ್ರ ನೊಂದ್ಕೊಂಡಿದ್ದು ಯಾಕೆ ಅಂತ 17ನೇ ವಚನವೇ ಹೇಳುತ್ತಲ್ಲ, ಮೂರನೇ ಸಲ ಕೇಳಿದ್ದಕ್ಕೆ. ಅದಕ್ಕೆ ಗ್ರೀಕೇ ಬೇಕಿರ್ಲಿಲ್ಲ, ಕನ್ನಡ ಬೈಬಲ್ ಸಾಕಿತ್ತು.

ಮೇಷ್ಟ್ರು ಶುಕ್ರವಾರ ತೋರಿಸಿದ ಶಾರ್ಟ್‌ಕಟ್ ಈಗ ನನ್ನ ಫೇವರಿಟ್. ನಂಬರ್ ಸಿಕ್ಕ ಮೇಲೆ ಅರ್ಥದ ಪಟ್ಟಿ ತೆರೀಲೇಬೇಡಿ, 'ಈ ಪದ ಇನ್ನೆಲ್ಲಿ ಇದೆ' ಅಂತ ಸರ್ಚ್ ಒತ್ತಿ, ಬಂದ ವಚನಗಳನ್ನ ಕನ್ನಡದಲ್ಲೇ ಓದಿ. ಸ್ಕ್ರೀನ್ ಶೇರ್ ಮಾಡಿ ಅವರು 21:9ಕ್ಕೆ ಹೋದ್ರು, ದಡದಲ್ಲಿ ಮೀನು ಸುಡೋಕೆ ಯೇಸು ಹಾಕಿದ ಕೆಂಡ. ಗ್ರೀಕಲ್ಲಿ ಆಂಥ್ರಕಿಯಾ, ಜಿ439. ಸರ್ಚ್ ಒತ್ತಿದ್ರು. ಇಡೀ ಹೊಸ ಒಡಂಬಡಿಕೆಯಲ್ಲಿ ಎರಡೇ ಕಡೆ. ಒಂದು ಇದು. ಇನ್ನೊಂದು ಯೋಹಾನ 18:18, ಯೇಸುವನ್ನ ಹಿಡಿದ ರಾತ್ರಿ ಚಳಿ ಅಂತ ಆಳುಗಳು ಹಾಕಿದ್ದ ಕೆಂಡ, ಅದರ ಮುಂದೆ ಮೈ ಕಾಯಿಸ್ಕೊಳ್ತಾ ನಿಂತೇ ಪೇತ್ರ 'ನಾನು ಅವನ ಶಿಷ್ಯನಲ್ಲ' ಅಂದಿದ್ದು. ಜೂಮ್‌ನಲ್ಲಿ ಒಂದೈದು ಸೆಕೆಂಡ್ ಯಾರೂ ಮಾತಾಡ್ಲಿಲ್ಲ, ನಾನು ನೆಟ್ ಹೋಯ್ತು ಅಂದ್ಕೊಂಡೆ.